ಶಾಲೆ ಮುಚ್ಚಿದರೂ ಮಗುವಿನ ಓದು ನಿಲ್ಲದಿರಲಿ



ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ನಮ್ಮ ಶಾಲೆಗಳು ಮುಚ್ಚಿದವು. 1ರಿಂದ 5ನೇ ತರಗತಿ ಮಕ್ಕಳಿಗೆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಸುಮಾರು 19 ತಿಂಗಳು! ಒಂದನೇ ತರಗತಿಯಲ್ಲಿದ್ದ ಮಗು ಮರಳಿ ಬರುವಾಗ ಮೂರನೇ ತರಗತಿ. ಆ ಕಾಲ ಮುಗಿದುಹೋಯ್ತಲ್ಲ, ಈಗ್ಯಾಕೆ ಸಿಸ್ಟರ್ ಈ ಮಾತು ಅಂತ ಕೇಳಬಹುದು. ಕಾಯಿಲೆ, ಗುಳೆ, ಮನೆಯ ಕಷ್ಟ ಅಂತ ಓದು ತಪ್ಪುವ ಮಕ್ಕಳು ಇವತ್ತೂ ಇದ್ದಾರೆ. ಆಗ ಕಲಿತದ್ದು ಇವರಿಗೂ ಬೇಕು.

ಫೋನ್ ಎಲ್ಲರ ಕೈಗೆ ಸಿಗಲಿಲ್ಲ

ಒಂದು ಮನೆ ಲೆಕ್ಕ ಹಾಕೋಣ. ಮೂವರು ಮಕ್ಕಳು, ಒಂದೇ ಫೋನ್. ಬೆಳಿಗ್ಗೆ ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತೆ. ಸಂಜೆ ಬಂದರೆ ಕರೆನ್ಸಿ ಇಲ್ಲ, ಇಲ್ಲವೇ ಸಿಗ್ನಲ್ ಇಲ್ಲ. ಇದ್ದರೆ ಮೊದಲ ಪಾಳಿ ಹುಡುಗನದು. ಹುಡುಗಿಗೆ ಪಾತ್ರೆ ತೊಳೆಯುವ ಕೆಲಸ. ಹೀಗೆ ಯಾರೂ ಬೇಡ ಅನ್ನದೆಯೇ ಅವಳ ಓದು ನಿಂತುಹೋಗುತ್ತೆ. ಆಮೇಲೆ ‘ಹೇಗೂ ಓದ್ತಿಲ್ವಲ್ಲ’ ಅಂತ ಮದುವೆ ಮಾತು ಶುರು.

ಊರು ಕೈ ಜೋಡಿಸಿದಾಗ

ಇದಕ್ಕೆ ಪರಿಹಾರವಾಗಿ 2020ರ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಆರಂಭಿಸಿತು. ಇಂಟರ್ನೆಟ್ ಇರುವ ಫೋನ್ ಉಳ್ಳವರು, ಸಾದಾ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುರುತಿಸಿ, ಮೇಷ್ಟ್ರು-ಮೇಡಂಗಳೇ ಊರಿಗೆ ಬಂದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ಇವೇ ತರಗತಿಗಳಾದವು. ಶಿಕ್ಷಕರು ಪಾಠ ಕೊಟ್ಟರು, ಊರು ಜಾಗ ಕೊಟ್ಟಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿ ಬಂದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಶಾಲೆಯ ಅಂಗಳದಲ್ಲೇ ಮತ್ತೆ ನಡೆಯಿತು. ಇದರಿಂದ ಎರಡು ವಿಷಯ ತಿಳಿಯುತ್ತೆ: ಊರು ಸೇರಿದರೆ ಫೋನ್ ಇಲ್ಲದ ಮಗುವನ್ನೂ ತಲುಪಬಹುದು, ಆದರೆ ಮಕ್ಕಳನ್ನು ಸೇರಿಸುವಾಗ ಆರೋಗ್ಯದ ಎಚ್ಚರಿಕೆ ಮೊದಲು.

ಆದರೆ ಯಾವ ಮನೆಯ ಮಗು ಹಿಂದೆ ಉಳಿದಿದೆ ಅಂತ ಮೊದಲು ಗೊತ್ತಾಗುವುದು ಯಾರಿಗೆ? ಪಕ್ಕದ ಮನೆಯ ನಮಗೇ. ನಮ್ಮ ಹಟ್ಟಿಗಳಲ್ಲಿ ಸಂಜೆ ಕುರಿ ಎಣಿಸಿಯೇ ರೊಪ್ಪಕ್ಕೆ ಬಿಡ್ತಾರೆ. ಒಂದು ಕಡಿಮೆಯಾದರೂ ಹುಡುಕ್ತಾರೆ. ಯೇಸುಸ್ವಾಮಿ ಹೇಳಿದ ಸಾಮತಿಯಲ್ಲೂ ಕುರುಬನು ತಪ್ಪಿದ ಒಂದು ಕುರಿಗಾಗಿಯೇ ಹೊರಡುತ್ತಾನೆ. ಮಕ್ಕಳನ್ನೂ ಹಾಗೆ ಎಣಿಸೋಣ.

ನಮ್ಮ ಸಂಘ ಏನು ಮಾಡಬಹುದು?

1. ಸಾಲ-ಉಳಿತಾಯದ ಪುಸ್ತಕದಂತೆ ಮಕ್ಕಳಿಗೂ ಒಂದು ಪುಸ್ತಕ ಇಡಿ. ಒಬ್ಬೊಬ್ಬ ಸದಸ್ಯೆ ಐದು ಮನೆ ನೋಡಿಕೊಳ್ಳಲಿ. ಒಂದು ವಾರ ಶಾಲೆಗೆ ಹೋಗದ ಮಗುವಿನ ಮನೆಗೆ ಹೋಗಿ ಕಾರಣ ಕೇಳಿ. ಮನೆಯ ಗುಟ್ಟು ಬೀದಿಗೆ ಬರಬಾರದು.

2. ಆ ಪಟ್ಟಿಯನ್ನು ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿಗೆ ಕೊಡಿ. ಎಸ್‌ಡಿಎಂಸಿಯಲ್ಲಿ ತಾಯಂದಿರೂ ಸದಸ್ಯರು, ಸುಮ್ಮನೆ ಸಹಿ ಹಾಕಿ ಬರಬೇಡಿ.

3. ಗುಳೆ ಹೋಗಿ ಬಂದ ಮಗುವಿಗೆ ಟಿ.ಸಿ. ತಡವಾದರೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, 6ರಿಂದ 14 ವರ್ಷದ ಮಗುವಿಗೆ ಆ ಕಾರಣಕ್ಕೆ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ.

4. ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡಲಾಯಿತು.

5. ಓದು ಬಲ್ಲ ಸೊಸೆಯಂದಿರು, ಕಾಲೇಜು ಹುಡುಗಿಯರು ಸಂಜೆ ಒಂದು ಗಂಟೆ ಜಗಲಿಯಲ್ಲಿ ಕೂತು ಓದಿಸಲಿ. ಅಕ್ಷರ ಬಾರದ ಅಜ್ಜಿಯೂ ಕೂತು ಮಗು ಓದುವುದನ್ನು ಕೇಳಬಹುದು.

6. ಓದಿಗೆಂದು ಫೋನ್‌ಗೆ ಸಾಲ ಕೊಡುವ ಮುನ್ನ, ಅದು ಮಗಳ ಕೈಗೂ ಸಿಗುತ್ತಾ ಅಂತ ಕೇಳಿ.

7. ಹುಡುಗಿಗೆ 18 ತುಂಬುವ ಮೊದಲೇ ಮದುವೆ ಮಾತು ಕೇಳಿಬಂದರೆ ಮನೆಯವರ ಜೊತೆ ಮಾತಾಡಿ. ಒಪ್ಪದಿದ್ದರೆ 1098ಕ್ಕೆ ಕರೆ ಮಾಡಿ. ಕರೆ ಉಚಿತ.

ಚರ್ಚೆಗೆ

* ನಮ್ಮ ಊರಲ್ಲಿ, ತಾಂಡಾದಲ್ಲಿ, ಹಟ್ಟಿಯಲ್ಲಿ ಓದು ಬಿಟ್ಟ ಮಕ್ಕಳೆಷ್ಟು? ಅದರಲ್ಲಿ ಹುಡುಗಿಯರೆಷ್ಟು?
* ನಾಳೆ ಶಾಲೆ ಒಂದು ತಿಂಗಳು ಮುಚ್ಚಿದರೆ ಮಕ್ಕಳು ಕೂತು ಓದಲು ನಮ್ಮಲ್ಲಿ ಯಾವ ಜಾಗ ಇದೆ?
* ಯಾರು ಯಾವ ಐದು ಮನೆ ನೋಡಿಕೊಳ್ಳುತ್ತೀರಿ? ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಎಲ್ಲ ಸಂಘಗಳೂ ಮುಂದಿನ ಒಕ್ಕೂಟದ ಸಭೆಗೆ ಈ ಪಟ್ಟಿ ತನ್ನಿ. ಸಾಲದ ಕಂತು ತಪ್ಪಿದರೆ ಮನೆ ಬಾಗಿಲಿಗೆ ಹೋಗುವ ನಾವು, ಮಗು ಶಾಲೆ ತಪ್ಪಿಸಿದಾಗಲೂ ಹೋಗೋಣ.