ಹಗ್ಗ ಬಿಡೋದನ್ನ ಕಲಿಯೋಣ: ಹಾಯಿದೋಣಿಯ ಮೊದಲ ಪಾಠಗಳು

ಹಗ್ಗಜಗ್ಗಾಟ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಕಾಲೂರಿ ಎಳೀಬೇಕು, ಬಿಟ್ಟವರು ಸೋತರು, ಅಷ್ಟೇ. ಹಾಯಿದೋಣಿಯಲ್ಲಿ ಈ ಲೆಕ್ಕ ಉಲ್ಟಾ. ಅಲ್ಲಿ ಎಳೆಯೋದನ್ನ ಯಾರು ಬೇಕಾದರೂ ಬೇಗ ಕಲಿತುಬಿಡಬಹುದು. ಯಾವಾಗ ಬಿಡಬೇಕು, ಎಷ್ಟು ಬಿಡಬೇಕು, ಕೈಗೆ ಪೆಟ್ಟಾಗದಂತೆ ಹೇಗೆ ಬಿಡಬೇಕು ಅನ್ನೋದೇ ನಿಜವಾದ ವಿದ್ಯೆ.

2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ನಾಯಕಿ ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ. 254 ದಿನಗಳಲ್ಲಿ ಭೂಮಿಯನ್ನು ಸುತ್ತಿ 2018ರ ಮೇ 21ರಂದು ಗೋವಾಕ್ಕೇ ಮರಳಿದರು. ಅಷ್ಟು ದೂರದ ಪ್ರಯಾಣಕ್ಕೂ ತಳಪಾಯ ಇವೇ ಸಣ್ಣ ಕೌಶಲಗಳು: ಹಗ್ಗ, ಗಂಟು, ಕೂಗು, ಉತ್ತರ. ದೋಣಿಯಲ್ಲಿ ನಾಯಕರ ಮಾತಿನಂತೆ ಇವನ್ನು ಮಾಡುವವರೇ ಕ್ರೂ. ಸಮುದ್ರಕ್ಕೇ ಹೋಗಬೇಕು ಅಂತೇನಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲೂ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುತ್ತಾರೆ. ಕೆರೆಯಾದರೂ ಕಡಲಾದರೂ ಪಾಠ ಅದೇ.

ಮೊದಲು ಹೆಸರುಗಳು

ಇಲ್ಲಿ ನಾವು ನೋಡುವುದು ಸ್ಲೂಪ್ ಎಂಬ ಸಾಮಾನ್ಯ ಬಗೆಯ ದೋಣಿ. ಒಂದು ಕೂವೆಕಂಬ, ಎರಡು ಹಾಯಿ. ಹಿಂದಿನ ದೊಡ್ಡದು ಮೇನ್‌ಸೇಲ್, ಮುಂದಿನದು ಜಿಬ್. ಮೇನ್‌ಸೇಲಿನ ಕೆಳಗೆ ಅಡ್ಡಲಾಗಿರುವ ತೊಲೆ ಬೂಮ್.

ಹಾಯಿಯನ್ನು ಮೇಲೇರಿಸುವ ಹಗ್ಗ ಹಾಲ್ಯಾರ್ಡ್. ಹಾಯಿಯನ್ನು ಒಳಗೆ ಎಳೆದು ಹೊರಗೆ ಬಿಡುವ ಹಗ್ಗ ಶೀಟ್. ಗಮನಿಸಿ, ಶೀಟ್ ಅಂದರೆ ಬಟ್ಟೆ ಅಲ್ಲ, ಹಗ್ಗ! ಹೊಸಬರೆಲ್ಲ ಎಡವೋದು ಇಲ್ಲೇ. "ಶೀಟ್ ಬಿಡಿ" ಅಂತ ಕೂಗಿದಾಗ ಹಾಯಿ ನೋಡ್ತಾ ನಿಂತರೆ ಕೆಲಸ ಕೆಟ್ಟಿತು.

ದೋಣಿಯ ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಎಡ-ಬಲ ಅಂದರೆ ಸಾಲದೇ? ಸಾಲದು. ಎದುರುಬದುರು ಕೂತ ಇಬ್ಬರಿಗೆ ಎಡ ಒಂದೇ ಅಲ್ಲ. ಪೋರ್ಟ್ ಮಾತ್ರ ಯಾರು ಎತ್ತ ತಿರುಗಿದರೂ ಬದಲಾಗುವುದಿಲ್ಲ.

ಗಾಳಿಯ ಲೆಕ್ಕ

ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿ ಬಿಟ್ಟು, ಅಂಕುಡೊಂಕಾಗಿ ಮೇಲೇರಬೇಕು. ಆಗ ಹಾಯಿ ವಿಮಾನದ ರೆಕ್ಕೆಯ ಹಾಗೆ ಕೆಲಸ ಮಾಡುತ್ತದೆ. ಕೋನ ಸರಿಯಿದ್ದರೆ ಲಿಫ್ಟ್, ತೀರಾ ಒಳಗೆಳೆದರೆ ಸ್ಟಾಲ್.

ಸರಿಯಾದ ಕೋನ ಹುಡುಕುವ ಕ್ರಮ ಸುಲಭ. ಶೀಟನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಹಾಯಿಯ ಮುಂದಿನ ಅಂಚು ಪಟಪಟ ಅನ್ನಲು ಶುರು ಮಾಡುತ್ತದೆ. ಈಗ ಆ ಪಟಪಟ ನಿಲ್ಲುವಷ್ಟು ಮಾತ್ರ ಎಳೆಯಿರಿ. ಅಲ್ಲಿಗೆ ಮುಗೀತು. ಬಿಗಿಯಾಗಿ ಎಳೆದ ಹಾಯಿ ನೋಡಲು ಚೆಂದ, ಆದರೆ ದೋಣಿ ಮುಂದೆ ಹೋಗೋದು ಬಿಟ್ಟು ವಾಲುತ್ತದೆ.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಗಾಳಿ 10 ನಾಟ್‌ನಿಂದ 14 ಆದರೆ ಬಲ ಹೆಚ್ಚುಕಮ್ಮಿ ಎರಡು ಪಟ್ಟು, 20 ಆದರೆ ನಾಲ್ಕು ಪಟ್ಟು. ಜೋರು ಗಾಳಿಯ ಒಂದು ಬೀಸು ಬಂದಾಗ ಮೇನ್‌ಶೀಟ್ ಕೈಯಲ್ಲಿರುವವರು ಒಂದಿಷ್ಟು ಹಗ್ಗ ಸಡಿಲಿಸಬೇಕು. ಬಿಡದಿದ್ದರೆ ದೋಣಿ ಮತ್ತೂ ವಾಲುತ್ತದೆ, ಚುಕ್ಕಾಣಿ ನೀರಿನ ಹಿಡಿತ ಕಳೆದುಕೊಳ್ಳುತ್ತದೆ, ಸಣ್ಣ ದೋಣಿಯಾದರೆ ಮಗುಚಿಯೇ ಹೋಗುತ್ತದೆ. ಏನು ಮಾಡಬೇಕೋ ತೋಚದಿದ್ದರೆ ಮೇನ್‌ಶೀಟ್ ಬಿಡಿ: ಕ್ರೂಗೆ ಕಲಿಸುವ ಮೊದಲ ಸೂತ್ರ ಇದೇ.

ವಿಂಚ್: ಮೆಕ್ಯಾನಿಕ್ಸ್ ಪಾಠ ಇಲ್ಲಿದೆ

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಬೆಲ್ಟ್ ಫ್ರಿಕ್ಷನ್ ಓದಿದ್ದೇವೆ. ಉರುಳೆಗೆ ಸುತ್ತಿದ ಹಗ್ಗದ ಎರಡು ತುದಿಗಳ ಎಳೆತದ ಅನುಪಾತ, ಸುತ್ತಿನ ಕೋನದ ಜೊತೆ ಘಾತೀಯವಾಗಿ ಬೆಳೆಯುತ್ತದೆ. ವಿಂಚ್ ನಿಂತಿರೋದು ಇದರ ಮೇಲೆಯೇ.

ಘರ್ಷಣೆಯ ಗುಣಾಂಕ 0.25 ಅಂತ ಇಟ್ಟುಕೊಳ್ಳೋಣ. ಜಿಬ್ ಶೀಟ್ ಮೇಲೆ 100 ಕೆ.ಜಿ. ಭಾರದಷ್ಟು ಎಳೆತ ಇದೆ. ವಿಂಚ್‌ಗೆ ಒಂದು ಸುತ್ತು ಹಾಕಿದರೆ ನಿಮ್ಮ ಕೈಗೆ ಬರೋದು ಸುಮಾರು 21 ಕೆ.ಜಿ. ಎರಡು ಸುತ್ತಿಗೆ 4 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಮೂರು ಸುತ್ತಿಗೆ ಒಂದು ಕೆ.ಜಿ.ಗಿಂತಲೂ ಕಡಿಮೆ!

ಅಪಾಯ ಇರೋದೂ ಇಲ್ಲೇ. ಕೈಗೆ ಹಗುರ ಅನ್ನಿಸಿದರೂ ಉರುಳೆಯ ಆಚೆ ಆ 100 ಕೆ.ಜಿ. ಹಾಗೇ ಕಾದಿದೆ. ಒಂದು ಸುತ್ತು ತೆಗೆದ ಕೂಡಲೇ ಎಳೆತ ಐದು ಪಟ್ಟಿನ ಹತ್ತಿರ ಏರುತ್ತದೆ. ಅದಕ್ಕೇ ಈ ನಿಯಮಗಳು:

ಹಗ್ಗವನ್ನು ಪ್ರದಕ್ಷಿಣೆಯಾಗಿ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತಬೇಕು.

ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಲೇಬಾರದು. ಬೆರಳುಗಳು ವಿಂಚ್‌ನಿಂದ ಒಂದು ಗೇಣು ದೂರ ಇರಲಿ.

ಸಡಿಲಿಸುವಾಗ ಒಂದು ಅಂಗೈಯನ್ನು ಚಪ್ಪಟೆಯಾಗಿ ಸುತ್ತುಗಳ ಮೇಲೆ ಒತ್ತಿ, ಇನ್ನೊಂದು ಕೈಯಿಂದ ತುದಿಯನ್ನು ಇಷ್ಟಿಷ್ಟೇ ಬಿಡಬೇಕು. ಪೂರ್ತಿ ಬಿಡುವಾಗ ಮೊದಲು ಹ್ಯಾಂಡಲ್ ತೆಗೆದು, ಆಮೇಲೆ ಹಗ್ಗವನ್ನು ಮೇಲಕ್ಕೆತ್ತಿ ಸುತ್ತು ಬಿಚ್ಚಬೇಕು.

ಎಳೆತ ಇಲ್ಲದಾಗ ಮೊದಲೇ ಮೂರ್ನಾಲ್ಕು ಸುತ್ತು ಹಾಕಿ ಎಳೆದರೆ ಸುತ್ತಿನ ಮೇಲೆ ಸುತ್ತು ಹತ್ತಿ ಹಗ್ಗ ಸಿಕ್ಕಿಬೀಳುತ್ತದೆ. ಸಿಕ್ಕಿದ್ದನ್ನು ಎಳೆತದಲ್ಲಿ ಬಿಡಿಸೋದು ಬಹಳ ಕಷ್ಟ. ಹಾಗಾಗಿ ಮೊದಲು ಎರಡು ಸುತ್ತು; ಎಳೆತ ಬಂದ ಮೇಲೆ ಉಳಿದದ್ದು.

ಬಿಚ್ಚಲು ಬರುವ ಗಂಟು

ಒಳ್ಳೆಯ ಗಂಟಿಗೆ ಎರಡು ಗುಣ ಬೇಕು. ಹಿಡಿಯಬೇಕಾದಾಗ ಜಾರಬಾರದು, ಬಿಚ್ಚಬೇಕಾದಾಗ ಹಟ ಮಾಡಬಾರದು. ನಾವು ಪಾರ್ಸೆಲ್‌ಗೆ ಹಾಕೋ ಗಂಟಿಗೆ ಎರಡನೆಯದು ಇಲ್ಲ, ಕತ್ತರಿ ಬೇಕು. ದೋಣಿಯಲ್ಲಿ ಮೂರು ಗಂಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು.

ಬೋಲೈನ್: ಬಿಗಿಯದ, ಜಾರದ ಕುಣಿಕೆ. ಹಗ್ಗದಲ್ಲಿ ಒಂದು ಸಣ್ಣ ಉಂಗುರ ಮಾಡಿ. ತುದಿಯ ಕಡೆಯ ಎಳೆ ಮೇಲಿರಲಿ. ತುದಿಯನ್ನು ಉಂಗುರದ ಕೆಳಗಿನಿಂದ ಮೇಲೆ ತನ್ನಿ, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಅದೇ ಉಂಗುರದೊಳಗೆ ವಾಪಸ್ ಇಳಿಸಿ, ಬಿಗಿ ಮಾಡಿ. ಎಷ್ಟು ಎಳೆದಿದ್ದರೂ ಎಳೆತ ನಿಂತ ಮೇಲೆ ಸಲೀಸಾಗಿ ಬಿಚ್ಚುತ್ತದೆ. ಆದರೆ ಎಳೆತ ಇರುವಾಗ ಬಿಚ್ಚಲಾಗದು, ಇದು ನೆನಪಿರಲಿ.

ಎಂಟರ ಗಂಟು: ಜಿಬ್ ಶೀಟಿನ ತುದಿಗೆ ಹಾಕುವ ತಡೆ. ಹಗ್ಗ ಕೈತಪ್ಪಿದರೂ ಗಾಲಿಯಿಂದ ಪೂರ್ತಿ ಕಳಚಿಹೋಗದು.

ಕ್ಲೀಟ್ ಕಟ್ಟು: ಎರಡು ಕೊಂಬಿನ ಕ್ಲೀಟಿಗೆ ಮೊದಲು ಒಂದು ಪೂರ್ತಿ ಸುತ್ತು, ಆಮೇಲೆ ಎಂಟರ ಆಕಾರದಲ್ಲಿ ಅಡ್ಡಡ್ಡ, ಕೊನೆಗೆ ಒಂದು ಬೀಗ. ಆ ಮೊದಲ ಸುತ್ತು ಯಾಕೆ? ಬೀಗ ಬಿಚ್ಚಿದ ಮೇಲೂ ಎಳೆತವನ್ನು ಅದೇ ತಡೆದುಕೊಂಡಿರುತ್ತದೆ. ವಿಂಚಿನ ಗಣಿತ ಇಲ್ಲೂ ಅದೇ.

ಕೂಗು, ಉತ್ತರ

ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸಿ ತಿರುಗುವುದು ಟ್ಯಾಕ್. ಚುಕ್ಕಾಣಿ ಹಿಡಿದವರು "ರೆಡಿ ಟು ಟ್ಯಾಕ್?" ಅಂತ ಕೇಳುತ್ತಾರೆ. ಎರಡೂ ಶೀಟಿನ ಹತ್ತಿರ ಇರುವವರು ತಮ್ಮ ಹಗ್ಗ ಸಿಕ್ಕಾಗಿಲ್ಲವೇ ಅಂತ ನೋಡಿ "ರೆಡಿ" ಅನ್ನಬೇಕು. ಸುಮ್ಮನೆ ತಲೆ ಆಡಿಸಿದರೆ ಆಗೋದಿಲ್ಲ, ಗಾಳಿ ಸದ್ದಿನಲ್ಲಿ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ರೆಡಿ ಇಲ್ಲದಿದ್ದರೆ "ಇಲ್ಲ" ಅನ್ನೋದಕ್ಕೆ ಸಂಕೋಚ ಬೇಡ. ಆ "ಇಲ್ಲ"ಕ್ಕಾಗಿಯೇ ಆ ಪ್ರಶ್ನೆ. ದೋಣಿ ತಿರುಗಿ ಜಿಬ್‌ಗೆ ಆಚೆ ಬದಿಯಿಂದ ಗಾಳಿ ಹತ್ತಿದಾಗ ಒಬ್ಬರು ಹಳೇ ಶೀಟ್ ಬಿಡುತ್ತಾರೆ, ಇನ್ನೊಬ್ಬರು ಹೊಸದನ್ನು ಎಳೆಯುತ್ತಾರೆ. ಬೇಗ ಬಿಟ್ಟರೆ ವೇಗ ಹೋಯಿತು, ತಡ ಮಾಡಿದರೆ ಹಾಯಿ ದೋಣಿಯನ್ನು ಅತಿಯಾಗಿ ತಿರುಗಿಸಿಬಿಡುತ್ತದೆ.

ಹಿಂಭಾಗವನ್ನು ಗಾಳಿಗೆ ಅಡ್ಡ ಹಾಯಿಸುವುದು ಜೈಬ್. ಇದು ಹೆಚ್ಚು ಅಪಾಯದ್ದು. ಬೂಮ್ ಒಂದು ಬದಿಯಿಂದ ಇನ್ನೊಂದಕ್ಕೆ ರಪ್ಪನೆ ಬೀಸುತ್ತದೆ. ಅದಕ್ಕೇ ಮೊದಲೇ ಮೇನ್‌ಶೀಟ್ ಪೂರ್ತಿ ಒಳಗೆಳೆದುಕೊಂಡು, ಬೂಮ್ ದಾಟಿದ ಕೂಡಲೇ ಬಿಡಬೇಕು. ಎಲ್ಲರ ತಲೆಯೂ ತಗ್ಗಿರಬೇಕು.

ಬೇಡದೆ ಆಗುವ ಜೈಬ್ ಪಳಗಿದವರನ್ನೂ ಬಿಡದು. 2018ರ ಮಾರ್ಚ್ 26ರಂದು ವೋಲ್ವೋ ಓಷನ್ ರೇಸ್‌ನಲ್ಲಿ, ದಕ್ಷಿಣ ಸಾಗರದಲ್ಲಿ, ಬ್ರಿಟನ್ನಿನ ಅನುಭವಿ ನಾವಿಕ ಜಾನ್ ಫಿಶರ್ ಮುಂದಿನ ಹಾಯಿಯ ಶೀಟನ್ನು ಸರಿಮಾಡಲು ಹೊರಟು, ತಮ್ಮ ಸುರಕ್ಷಾ ಪಟ್ಟಿಯ ಕೊಕ್ಕೆ ಬಿಚ್ಚಿದ್ದರು. ಅದೇ ಹೊತ್ತಿಗೆ ದೋಣಿ ದೊಡ್ಡ ಅಲೆಯ ಮೇಲೆ ಜಾರಿ ಜೈಬ್ ಆಯಿತು. ಮೇನ್‌ಶೀಟಿನ ವ್ಯವಸ್ಥೆ ಬಡಿದು ಅವರು ನೀರಿಗೆ ಬಿದ್ದರು. ಜೊತೆಗಾರರು ಗಂಟೆಗಟ್ಟಲೆ ಹುಡುಕಿದರೂ ಅವರು ಸಿಗಲಿಲ್ಲ.

ಯಾರಾದರೂ ನೀರಿಗೆ ಬಿದ್ದರೆ

ಗಂಟೆಗೆ 6 ನಾಟ್ ಅಲ್ಲ, ಬರೀ 6 ನಾಟ್ ಅನ್ನೋಣ. ನಾಟ್ ಅನ್ನುವುದರಲ್ಲೇ ಗಂಟೆ ಸೇರಿದೆ. ಆ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ ಸುಮಾರು 185 ಮೀಟರ್ ಮುಂದೆ ಹೋಗಿರುತ್ತದೆ. ಅಲೆಗಳ ನಡುವೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ ಕಾಣೋದು. ಹಾಗಾಗಿ ಮೂರು ಕೆಲಸ ಕೂಡಲೇ ಆಗಬೇಕು: ಜೋರಾಗಿ ಕೂಗಿ ಎಲ್ಲರಿಗೂ ತಿಳಿಸುವುದು, ತೇಲುವ ವಸ್ತು ಎಸೆಯುವುದು, ಒಬ್ಬರು ಬಿದ್ದವರ ಕಡೆ ಕೈ ತೋರಿಸುತ್ತಲೇ ಇರುವುದು. ಕೈ ತೋರಿಸುವವರಿಗೆ ಬೇರೆ ಕೆಲಸ ಇಲ್ಲ. ಹಗ್ಗ ಎಳೆಯಲಿಕ್ಕೂ ತಿರುಗಬಾರದು, ಕಣ್ಣು ಕೀಳಬಾರದು. ಇನ್ನು ಲೈಫ್ ಜಾಕೆಟ್ ಹಾಕಿಕೊಳ್ಳಬೇಕಾದದ್ದು ದಡದಲ್ಲೇ.

ಹಾಸ್ಟೆಲ್‌ನಲ್ಲೇ ಅಭ್ಯಾಸ

ದೋಣಿ ಸಿಗುವವರೆಗೆ ಕಾಯೋದು ಬೇಡ. ಎರಡು ಮೀಟರ್ ಹಗ್ಗ ತಗೊಂಡು ಕುರ್ಚಿಯ ಕಾಲಿಗೆ ಬೋಲೈನ್ ಹಾಕಿ. ಬಂದ ಮೇಲೆ ಕಣ್ಣು ಮುಚ್ಚಿ ಹಾಕಿ, ರಾತ್ರಿ ದೋಣಿಯಲ್ಲಿ ಬೆಳಕಿರೋದಿಲ್ಲ. ಅಡ್ಡ ಕಂಬಿಯ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಐದು ಲೀಟರ್ ನೀರಿನ ಬಕೆಟ್, ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ. ಬಕೆಟ್ ನಿಧಾನವಾಗಿ ಇಳಿಯುವಂತೆ ಬಿಡುತ್ತಾ, ಅರ್ಧ ಸುತ್ತಿಗೆ ಎಷ್ಟು, ಒಂದೂವರೆ ಸುತ್ತಿಗೆ ಎಷ್ಟು ಅಂತ ಅಳೆಯಿರಿ. ಘರ್ಷಣೆಯ ಗುಣಾಂಕ ನೀವೇ ಲೆಕ್ಕ ಹಾಕಬಹುದು. ಬಕೆಟ್ ಕೆಳಗೆ ಯಾರೂ ನಿಲ್ಲದಿರಲಿ.

ಮುಂದೆ ಎಂದಾದರೂ ದೋಣಿ ಹತ್ತಿದಾಗ ನಿಮ್ಮ ಕೈಗೆ ಒಂದು ಹಗ್ಗ ಕೊಟ್ಟು "ಹಿಡ್ಕೊಳ್ಳಿ" ಅಂತಾರೆ. ಹಿಡಿಯಿರಿ. ಹಿಡಿದು, "ಇದನ್ನ ಯಾವಾಗ, ಹೇಗೆ ಬಿಡಬೇಕು?" ಅಂತ ಕೂಡಲೇ ಕೇಳಿ.