ಹಳೆಯ ಕಾರಿನ ಬಿಲ್ಲೆ: ಕೈ ಹಾಕುವ ಮೊದಲು

ಗುಂಡ್ಲುಪೇಟೆಯಲ್ಲಿ ಮೈಸೂರಿನ ಹೆದ್ದಾರಿ ಕವಲೊಡೆಯುತ್ತದೆ. ಒಂದು ದಾರಿ ಸುಲ್ತಾನ್ ಬತ್ತೇರಿಯ ಮೇಲೆ ಕೋಯಿಕ್ಕೋಡಿಗೆ, ಇನ್ನೊಂದು ಬಂಡೀಪುರದ ಕಾಡು ಹಾದು ಊಟಿಗೆ. ಊಟಿಗೆ ಹೊರಟ ಹಳೆಯ ಕಾರೊಂದು ಇಲ್ಲಿ ಟೀ ಅಂಗಡಿಯ ಮುಂದೆ ನಿಂತರೆ, ಸುತ್ತ ಸೇರಿದ ಹುಡುಗರು ಮೊದಲು ಬೆರಳಿಡುವುದು ಅದರ ಮೂತಿಯ ಮೇಲಿನ ಬಣ್ಣದ ಬಿಲ್ಲೆಗೆ. ಗ್ಯಾರೇಜಿನವರು ಅದನ್ನು ಮೊನೊಗ್ರಾಮ್ ಅನ್ನುತ್ತಾರೆ. ಚಾಮರಾಜನಗರದ ಕಡೆಯ ಯಾವುದೋ ಶೆಡ್ಡಿನಲ್ಲಿ ನಿಂತಿರುವ ಅಜ್ಜನ ಕಾಲದ ಕಾರನ್ನು ಮತ್ತೆ ರಸ್ತೆಗೆ ತರಬೇಕೆಂದು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ನಿಗೆ ಮೆಕ್ಯಾನಿಕ್ ಸಿಗುತ್ತಾರೆ, ಬಾಡಿಗೆ ಟಿಂಕರಿಂಗ್‌ನವರು ಸಿಗುತ್ತಾರೆ. ಬಿಲ್ಲೆಯ ಕೆಲಸ ಮಾತ್ರ ಸಾಮಾನ್ಯವಾಗಿ ಮಾಲೀಕರ ಕೈಗೇ ಬರುತ್ತದೆ. ಅವಸರದಲ್ಲಿ ಕೆಡುವುದೂ ಅದೇ.

ಮೊದಲು, ಇಂಥ ಬಿಲ್ಲೆಗೆ ಬಣ್ಣ ಕೊಡುವ ಎನಾಮಲ್ ಏನೆಂದು ತಿಳಿಯೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಎನಾಮಲ್ ಪೇಂಟ್ ಎಂದು ಸಿಗುವ ಡಬ್ಬಿಗೂ ಇದಕ್ಕೂ ನಂಟಿಲ್ಲ. ನಿಜವಾದ ಎನಾಮಲ್ ಗಾಜು. ತಾಮ್ರದ ತಗಡಿನ ಮೇಲೆ ಅಚ್ಚೊತ್ತಿ ಸಣ್ಣ ಸಣ್ಣ ಗುಳಿಗಳನ್ನು ಮಾಡುತ್ತಾರೆ. ಗುಳಿಗಳ ನಡುವೆ ಉಳಿಯುವ ತೆಳುವಾದ ಲೋಹದ ಬದುಗಳೇ ಚಿತ್ರದ ಗೆರೆಗಳು. ಗುಳಿಗೆ ಒದ್ದೆ ಗಾಜಿನ ಪುಡಿ ತುಂಬಿ, ಒಣಗಿಸಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕೆಲವೇ ನಿಮಿಷ ಇಟ್ಟರೆ ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಕೋಬಾಲ್ಟಿನಿಂದ ನೀಲಿ, ತಾಮ್ರದ ಆಕ್ಸೈಡಿನಿಂದ ಹಸಿರು, ತವರದ ಆಕ್ಸೈಡಿನಿಂದ ಹಾಲುಬಿಳುಪು. ಮಾಣಿಕ್ಯದಂಥ ಪಾರದರ್ಶಕ ಕೆಂಪಿಗೆ ಚಿನ್ನವನ್ನೇ ಬೆರೆಸುತ್ತಾರೆ. ಕರಗಿದ ಪುಡಿ ತಗ್ಗುವುದರಿಂದ ಮತ್ತೆ ಮತ್ತೆ ತುಂಬಿ ಸುಡಬೇಕು, ಕೊನೆಗೆ ಮೇಲ್ಮೈಯನ್ನು ಉಜ್ಜಿ ಸಮ ಮಾಡಬೇಕು. ಚಾಮರಾಜನಗರದ ಕರಿಕಲ್ಲಿಗೆ ಪಾಲಿಶ್ ಕೊಡುವುದನ್ನು ಕಂಡವರಿಗೆ ಈ ಹಂತ ಪರಿಚಿತ: ಒರಟಿನಿಂದ ನುಣುಪಿಗೆ ಒಂದೊಂದೇ ದರ್ಜೆ, ನೀರು ನಿಲ್ಲಿಸುವಂತಿಲ್ಲ. ಜೈಪುರದ ಮೀನಾಕಾರಿ ಆಭರಣಗಳಲ್ಲಿರುವುದೂ ಇದೇ ವಿದ್ಯೆ.

ಕಲಿಯಲು ಮಾರಿಸ್ ಕಾರಿನ ಬಿಲ್ಲೆ ಬಹಳ ಚೆನ್ನ. ವಿಲಿಯಂ ಮಾರಿಸ್‌ನ ಕಾರ್ಖಾನೆ ಇದ್ದದ್ದು ಆಕ್ಸ್‌ಫರ್ಡಿನ ಕೌಲಿಯಲ್ಲಿ. ಆ ನಗರದ ಲಾಂಛನವೇ ಬಿಲ್ಲೆಗೂ ಬಂತು, ನೀಲಿ ಅಲೆಗಳನ್ನು ದಾಟುತ್ತಿರುವ ಕೆಂಪು ಎತ್ತು. ಎತ್ತು, ಅಲೆ, ಹಿನ್ನೆಲೆ, ಒಂದೊಂದು ಬಣ್ಣವೂ ತನ್ನ ಬದುವಿನೊಳಗೇ ಇರುತ್ತದೆ. ನಮ್ಮ ಅಂಬಾಸಿಡರಿನ ಮೂಲವೂ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯೇ. ಆದರೆ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿನಲ್ಲಾಗಲಿ, ಮುಂಬಯಿಯ ಪ್ರೀಮಿಯರ್ ಪದ್ಮಿನಿಯಲ್ಲಾಗಲಿ ಇಂಥ ಗಾಜಿನ ಕೆಲಸ ಕಾಣುವುದು ಅಪರೂಪ. ಎರಕದ ಸತುವಿನ ಮಿಶ್ರಲೋಹಕ್ಕೆ ಕ್ರೋಮ್, ತಗ್ಗಿನಲ್ಲಿ ಪೇಂಟ್, ಇಲ್ಲವೇ ಪ್ಲಾಸ್ಟಿಕ್: ಹೆಚ್ಚಿನವು ಅಷ್ಟೇ.

ಆದ್ದರಿಂದ ನಿಮ್ಮ ಕೈಯಲ್ಲಿರುವುದು ಯಾವುದೆಂದು ನಿರ್ಧರಿಸುವುದೇ ಮೊದಲ ಪಾಠ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಪಾಠ. ಅಕ್ಕಸಾಲಿಗರು ಬಳಸುವಂಥ ಭೂತಗನ್ನಡಿಯಲ್ಲಿ ಒಡೆದ ಅಂಚನ್ನು ನೋಡಿ. ಗಾಜು ಚಿಪ್ಪಿನಾಕಾರದಲ್ಲಿ ಹೊಳೆಯುತ್ತ ಸೀಳಿರುತ್ತದೆ. ಪೇಂಟ್ ಪದರ ಪದರವಾಗಿ ಎದ್ದಿರುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಸೂಜಿಯ ಮೊನೆ ಒತ್ತಿ: ಪ್ಲಾಸ್ಟಿಕ್ಕಿನಲ್ಲಿ ಗುರುತು ಬೀಳುತ್ತದೆ, ಗಾಜಿನಲ್ಲಿ ಜಾರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಹತ್ತಿಗೆ ಒಂದು ಹನಿ ತಿನ್ನರ್ ಹಚ್ಚಿ ಅದೇ ಮೂಲೆಯನ್ನು ಒರಸಿ. ಪೇಂಟಾದರೆ ಹತ್ತಿಗೆ ಬಣ್ಣ ಬರುತ್ತದೆ. ಬಿಲ್ಲೆ ಪ್ಲಾಸ್ಟಿಕ್ಕೆಂದು ಮೊದಲೇ ಖಚಿತವಾಗಿದ್ದರೆ ತಿನ್ನರ್ ತಾಗಿಸಬೇಡಿ, ಕರಗೀತು. ಅಸಲಿ ಬಿಲ್ಲೆಗಳನ್ನು ಕಣ್ಣಾರೆ ನೋಡಿ ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಶ್ರೀರಂಗಪಟ್ಟಣದ ಬಳಿಯ ಪಯಣ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳು ಅಲ್ಲಿವೆ.

ಬಿಚ್ಚುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತಾಮ್ರ ಬಾಗುತ್ತದೆ, ಗಾಜು ಬಾಗುವುದಿಲ್ಲ. ಒಂದು ಕೂದಲೆಳೆಯಷ್ಟು ಬಾಗಿದರೂ ಬಿರುಕು. ಬಾನೆಟ್ಟಿನ ಅಥವಾ ಗ್ರಿಲ್ಲಿನ ಹಿಂಬದಿಯಲ್ಲಿ ನಟ್ಟೋ ಕ್ಲಿಪ್ಪೋ ಇರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಯಾರೋ ಹಿಂದೆ ಗೋಂದು ಹಾಕಿ ಅಂಟಿಸಿದ್ದರೆ ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆಯಿರಿ.

ತೊಳೆಯುವುದಕ್ಕೆ ಸೋಪಿನ ನೀರು, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ ಸಾಕು. ಮನೆಯಲ್ಲಿ ಹಿತ್ತಾಳೆ ದೀಪ ಬೆಳಗುವವರು ತಕ್ಷಣ ಹುಣಸೆಹಣ್ಣು ತರುತ್ತಾರೆ, ದಯವಿಟ್ಟು ತಡೆಯಿರಿ. ಹುಳಿಯಿಂದ ಹಳೆಯ ಸೀಸಬೆರೆತ ಗಾಜು ಮಂಕಾಗುತ್ತದೆ, ಆ ಮಂಕು ಮತ್ತೆ ಹೋಗುವುದಿಲ್ಲ. ತೊಳೆದ ಮೇಲೆ ನಾಲ್ಕು ದಿನ ಸುಮ್ಮನೆ ನೋಡಿ. ಎಷ್ಟೋ ಬಿಲ್ಲೆಗಳಿಗೆ ಇದಕ್ಕಿಂತ ಹೆಚ್ಚಿನ ಉಪಚಾರ ಬೇಕಿಲ್ಲ. ಅಂಚಿನಲ್ಲಿ ಚೂರು ಹೋದ ಅಸಲಿ ಬಿಲ್ಲೆಯನ್ನು ಹಾಗೆಯೇ ಬಿಡಿ ಎಂದೇ ನಾನು ಹೇಳುವುದು.

ಗುಳಿ ಎದ್ದು ಕಾಣುವಷ್ಟು ದೊಡ್ಡದಾದರೆ ತಣ್ಣನೆಯ ತುಂಬುವಿಕೆ ಇದೆ. ಇದನ್ನು ಯಾರೂ ಕಲಿಯಬಹುದು. ತಪ್ಪಿದರೆ ತೆಗೆದು ಮತ್ತೆ ಮಾಡಬಹುದು ಎನ್ನುವುದೇ ಇದರ ದೊಡ್ಡ ಗುಣ. ರೆಸಿನ್ ಕಲೆಯವರು ಬಳಸುವ, ಎರಡು ಬಾಟಲಿಯಲ್ಲಿ ಬರುವ ತಿಳಿ ಎಪಾಕ್ಸಿ ಕೊಳ್ಳಿ. ತೂಕ ಮಾಡಿ ಬೆರೆಸಿ. ಪ್ರಮಾಣ ತಪ್ಪಿದರೆ ಎಂದಿಗೂ ಗಟ್ಟಿಯಾಗದು. ಬಣ್ಣವನ್ನು ಬಿಳಿ ತಟ್ಟೆಯ ಮೇಲೆ, ಹಗಲು ಬೆಳಕಿನಲ್ಲಿ ಹೊಂದಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ: ಕೆಲವು ಬಿಲ್ಲೆಗಳಲ್ಲಿ ಗಾಜು ಪಾರದರ್ಶಕ, ಅದರ ತಳದ ಲೋಹದ ಮೇಲೆ ಕೆತ್ತಿದ ಕಿರಣಗಳು ಬಣ್ಣದೊಳಗಿಂದ ಮಿನುಗುತ್ತಿರುತ್ತವೆ. ಅಂಥಲ್ಲಿ ಪಾರದರ್ಶಕ ಬಣ್ಣವೇ ಬೇಕು. ಗಾಢ ಪಿಗ್ಮೆಂಟ್ ಹಾಕಿದರೆ ಆ ಜಾಗ ಕುರುಡಾಗುತ್ತದೆ. ಬೆರೆಸಿದ ರೆಸಿನ್ನನ್ನು ಸೂಜಿಯ ತುದಿಯಿಂದ ಹನಿಹನಿಯಾಗಿ ಬಿಟ್ಟು, ಗುಳ್ಳೆಗಳನ್ನು ಚುಚ್ಚಿ ಒಡೆದು, ಮಟ್ಟಕ್ಕಿಂತ ತುಸು ಉಬ್ಬುವಷ್ಟು ತುಂಬಿ. ಧೂಳು ಬೀಳದಂತೆ ಡಬ್ಬಿ ಮುಚ್ಚಿ ಎರಡು ದಿನ ಮರೆತುಬಿಡಿ.

ಉಬ್ಬನ್ನು ಇಳಿಸಲು ವಾಟರ್ ಪೇಪರ್: 1000, 1500, 2000. ಸುತ್ತಲಿನ ಕ್ರೋಮಿಗೆ ಮೊದಲೇ ಟೇಪ್ ಅಂಟಿಸಿ, ಏಕೆಂದರೆ ಆ ಲೇಪ ಬಹಳ ತೆಳು. ಒಣಗಿದ್ದಾಗ ಉಜ್ಜಲೇಬೇಡಿ. ಹಳೆಯ ಎನಾಮಲ್ಲಿನಲ್ಲಿ ಸೀಸವಿರುತ್ತದೆ. ಮುಖಕ್ಕೆ ಮಾಸ್ಕ್ ಇರಲಿ, ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರಸಿ ಕಟ್ಟಿಡಿ, ಅಡುಗೆಮನೆಯ ಪಾತ್ರೆಗಳನ್ನು ಈ ಕೆಲಸಕ್ಕೆ ತರಬೇಡಿ. ಎಪಾಕ್ಸಿ ಬಿಸಿಲಿಗೆ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಬಿಳಿ ಮತ್ತು ತಿಳಿನೀಲಿಯಲ್ಲಿ ಅದು ಬೇಗ ಕಾಣುವುದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸುವ ರೂಢಿ ಒಳ್ಳೆಯದು.

ಮತ್ತೆ ಕುಲುಮೆಗೆ ಹಾಕಿ ಗಾಜನ್ನೇ ಹೊಸದಾಗಿ ಕೂರಿಸುವುದು ಪಳಗಿದ ಕಸುಬುದಾರರ ಕೆಲಸ. ಅದಕ್ಕೆ ಕ್ರೋಮ್ ಪೂರ್ತಿ ತೆಗೆಯಬೇಕು. ನಟ್ಟು ಕೂರುವ ಹಿಂಬದಿಯ ಕಡ್ಡಿಗಳನ್ನೂ ಬಿಚ್ಚಿಡಬೇಕು, ಏಕೆಂದರೆ ಸಾಧಾರಣ ಬೆಸುಗೆ 200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಎರಕದ ಸತುವಿನ ಬಿಲ್ಲೆಯನ್ನಂತೂ ಕುಲುಮೆಗೆ ತೋರಿಸಲೇಬಾರದು. ಸುಮಾರು 400 ಡಿಗ್ರಿಗೆ ಬಿಲ್ಲೆಯೇ ಕರಗಿಹೋಗುತ್ತದೆ. ಇಡೀ ಬಿಲ್ಲೆಯ ಗಾಜು ಹೋಗಿದ್ದು, ಅಂಥದು ಬೇರೆಲ್ಲೂ ಸಿಗದಿದ್ದರೆ ಮಾತ್ರ ಈ ದಾರಿ.

ಬದಲಿ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಇದು ಸುಟ್ಟ ಗಾಜೋ, ತುಂಬಿದ ರೆಸಿನ್ನೋ? ಮಾರುವವರು ಎರಡನ್ನೂ ಎನಾಮಲ್ ಎಂದೇ ಕರೆಯುತ್ತಾರೆ. ಕಡ್ಡಿಗಳ ನಡುವಿನ ಅಂತರ, ಬಿಲ್ಲೆಯ ಬಾಗು ಎರಡನ್ನೂ ಅಳೆದು ಹೊಂದಿಸಿ. ಹೊಂದದ್ದನ್ನು ಬಗ್ಗಿಸಿ ಕೂರಿಸಲಾಗದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿ ಮೂಲ ಸ್ವರೂಪದಲ್ಲೇ ಇರುವ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಅಲ್ಲಿ ನೋಡುವುದು ಮುಖ್ಯವಾಗಿ ಷಾಸಿ, ಬಾಡಿ, ಎಂಜಿನ್. ಆದರೂ ತೆಗೆದ ಹಳೆಯ ಬಿಲ್ಲೆಯನ್ನು ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ, ಯಾವ ಕಾರಿನದು, ಯಾವಾಗ ತೆಗೆದದ್ದು ಎಂದು ಚೀಟಿ ಬರೆದು ಕಾರಿನ ಕಾಗದಪತ್ರಗಳ ಜೊತೆಗಿಡಿ.

ಮರಳಿ ಕೂರಿಸುವಾಗ ಹಿಂದೆ ತೆಳುವಾದ ರಬ್ಬರ್ ಹಾಳೆ ಕತ್ತರಿಸಿ ಹಾಕಿ, ನಟ್ಟನ್ನು ಬೆರಳಿನಿಂದಲೇ ತಿರುಗಿಸಿ, ಸ್ಪ್ಯಾನರಿನಲ್ಲಿ ಕೊನೆಯ ಕಾಲು ಸುತ್ತು ಮಾತ್ರ. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಒಮ್ಮೆ ಓಡಿಸಿ, ಬಾನೆಟ್ ಎತ್ತಿ, ಆ ನಟ್ಟು ಸಡಿಲವಾಗಿದೆಯೇ ಎಂದು ಮತ್ತೊಮ್ಮೆ ಬೆರಳಿಟ್ಟು ನೋಡಿ.