ಮಗ್ಗದ ಜಾಗ ಮೊದಲು ನೋಡಿ

ಮಕ್ಕಳ ಓದಿಗಾಗಿ ಮೊಳಕಾಲ್ಮುರು ಬಿಟ್ಟು ಚಳ್ಳಕೆರೆಯಲ್ಲಿ ಮನೆ ಕೊಳ್ಳುವ ನಿಮ್ಮ ಯೋಚನೆ ಸರಿ. ಆದರೆ ಅತ್ತೆಯವರ ಮಗ್ಗವನ್ನು ಪತ್ರದ ಕೊನೆಯ ಸಾಲಿಗೆ ತಳ್ಳಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಗುಂಡಿ ಮಗ್ಗಕ್ಕೆ ನೆಲ ಅಗೆಯಬೇಕು, ಮಹಡಿ ಮನೆ ಆಗದು. ಭೌಗೋಳಿಕ ಸೂಚಕ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆ ನೇಯ್ದ ಕೈಗಳು ಹೊಸ ಮನೆಯಲ್ಲಿ ಸುಮ್ಮನೆ ಕೂರುವುದನ್ನು ನೆನೆದರೇ ಸಂಕಟವಾಗುತ್ತದೆ. ನೆಲಮಟ್ಟದ, ಬೆಳಕು ಬೀಳುವ ಕೋಣೆ ಹುಡುಕಿ; ಎಳೆ ಕಾಣಬೇಕಲ್ಲ. ಆಮೇಲೆ ನೀರು. ಈ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಸೆಕೆ ಎಷ್ಟೆಂದು ತಿಳಿಯಲು ಏಪ್ರಿಲ್ ಮಧ್ಯಾಹ್ನ ಆ ಮನೆಯ ತಾರಸಿಯ ಕೆಳಗೆ ಒಂದು ಗಂಟೆ ಕೂತು ನೋಡಿ. ಇ-ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸಿ. ಅತ್ತೆಯವರನ್ನೂ ಕರೆದೊಯ್ಯಿರಿ, ಮಗ್ಗ ಎಲ್ಲಿ ಇಳಿಯಬೇಕೆಂದು ಅವರೇ ಹೇಳಲಿ.